ಕಣ್ಣಿಗೊತ್ತಿಕೊಂಡ ಬಂದೂಕು

ಮೊದಲ ಸಾಲಿಗೆ ಕಬ್ಬಿಣದ ಬಂದೂಕುಗಳು ಸಿಕ್ಕವು, ಎರಡನೆಯ ಸಾಲಿಗೆ ಫೈಬರಿನವು. ಮೂರನೆಯ ಸಾಲಿನಲ್ಲಿ ಎದೆಯುಬ್ಬಿಸಿ ನಿಂತಿದ್ದ ಕಳಕಪ್ಪನ ಕೈಗೆ ಬಂದದ್ದು ರಬ್ಬರಿನದು. ಗಜೇಂದ್ರಗಡದ ಗುಡ್ಡದ ಮೇಲೆ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಕ್ಯಾಮೆರಾಕ್ಕೆ ಬೀಳದ ಮೂಲೆ ಹುಡುಕಿ, ಟೀವಿ ಸೀರಿಯಲ್ಲೊಂದರ ಶೂಟಿಂಗ್ ನಡೆದಿತ್ತು. ಊರಿನ ಒಂದಿಷ್ಟು ಮಂದಿ ಆ ದಿನದ ಮಟ್ಟಿಗೆ ಡಕಾಯಿತರು. ಬಿಸಿಲಿನ ಝಳಕ್ಕೆ ಕಳಕಪ್ಪನ ಬಂದೂಕಿನ ನಳಿಗೆ ಆಗಲೇ ಬಾಡಿದ ಹೀರೇಕಾಯಿಯ ಹಾಗೆ ನೆಲ ನೋಡುತ್ತಿತ್ತು.

ಕಳಕಪ್ಪ ನೇಕಾರ. ಒಂದು ದಿನದ ಮಗ್ಗ ಬಿಟ್ಟು, ನರೆತ ಮೀಸೆಗೆ ಕಪ್ಪು ಹಚ್ಚಿಕೊಂಡು ಬಂದಿದ್ದ. ಎಂಟನೆಯ ತರಗತಿಯ ಮಗಳು ಮೇಘಾ, ಅಪ್ಪ ಟೀವಿಯಲ್ಲಿ ಬಂದೂಕು ಹಿಡಿದು ಬರುತ್ತಾನೆಂದು ಶಾಲೆಯ ತುಂಬ ಡಂಗುರ ಸಾರಿದ್ದಳು. ಈಗ ಮುಖ ಕಾಣದಿದ್ದರೆ ಅವಳ ಮಾನ ಹೋದಂತೆಯೇ. ಹೊರಡುವಾಗ ಹೆಂಡತಿ ಸಿದ್ದವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, "ಸೀರಿ ನೇಯೋ ಕೈರೀ ಅವು. ಹುಷಾರ, ಬಂದೂಕಿಗೂ ಸೆರಗ ಹಚ್ಚೀರಿ," ಎಂದಿದ್ದಳು.

ಬಂದೂಕುಗಳ ಉಸ್ತುವಾರಿ ಬೆಂಗಳೂರಿನಿಂದ ಬಂದ ಸಮೀರನದು. ಕಳಕಪ್ಪ ಅವನ ಹತ್ತಿರ ಹೋಗಿ, ತನ್ನದು ಬಾಗಿದೆ, ಮಗಳು ನೋಡುವವಳಿದ್ದಾಳೆ, ಫೈಬರಿನದಾದರೂ ಒಂದು ಕೊಡಿರೆಂದು ಗೋಗರೆದ.

"ಹಿಂದೆ ನಿಲ್ಲೋರಿಗೆ ರಬ್ಬರೇ ಅಣ್ಣಾ. ಓಡ್ತಾ ಬಿದ್ರೂ ಯಾರಿಗೂ ಪೆಟ್ಟಾಗಲ್ಲ. ಶಬ್ದ ನಾವು ಆಮೇಲೆ ಹಾಕ್ಕೋತೀವಿ."

"ಶಬ್ದಾ ಹಾಕ್ತೀರಿ, ಖರೇ. ಬಾಗಿದ್ದನ್ನ ನೆಟ್ಟಗ ಮಾಡಾವ್ರು ಯಾರ್ರಿ?"

ಸಮೀರ ಉತ್ತರಿಸುವಷ್ಟರಲ್ಲಿ, ಡಕಾಯಿತರ ನಾಯಕನ ಪಾತ್ರದ ವಿಲನ್ ಅವನನ್ನು ಕರೆದ. ಆತ ಕನ್ನಡಿಯ ಮುಂದೆ ನಿಂತು ಒಂದೊಂದೇ ಪಿಸ್ತೂಲನ್ನು ಎದೆಗೆ ಹಿಡಿದು ನೋಡುತ್ತಿದ್ದ. ಕರಿಯದು ಬೇಡವಾಯಿತು, ಸಣ್ಣದು ಬೇಡವಾಯಿತು. ಕಡೆಗೆ ಬೆಳ್ಳಿಯಂತೆ ಹೊಳೆಯುವ ಒಂದು ಅವನ ಅಂಗಿಗೆ ಒಪ್ಪಿತು. ಗುಡ್ಡದಲ್ಲಿ ಅಡಗಿಕೊಂಡ ಡಕಾಯಿತ ಅದನ್ನು ಹಿಡಿದರೆ ದೂರದ ರೋಣದವರೆಗೆ ಮಿಂಚು ಹೊಡೆಯುತ್ತದಲ್ಲ ಎಂಬ ಮಾತು ಕಳಕಪ್ಪನ ನಾಲಿಗೆಯ ತುದಿಗೆ ಬಂದು ಒಳಗೆ ಹೋಯಿತು. ಸೀರೆ ಅಂಗಡಿಯಲ್ಲಿ ಮದುಮಗಳು ಒಂದೊಂದೇ ಸೆರಗನ್ನು ಹೆಗಲಿಗೆ ಹಾಕಿ ನೋಡುವುದೂ ಹೀಗೆಯೇ. ತನ್ನ ಕಸುಬಿಗೆ ಇದೇನೂ ದೂರವಲ್ಲ ಅನ್ನಿಸಿ ಅವನಿಗೆ ಒಂದಿಷ್ಟು ಧೈರ್ಯ ಬಂತು. ನಳಿಗೆಯ ಅಡಿಗೆ ತೋರುಬೆರಳು ಆನಿಸಿ, ಬಂದೂಕನ್ನು ನೆಟ್ಟಗೆ ಮಾಡಿಕೊಂಡು, ಸಾಲಿಗೆ ಹೋಗಿ ನಿಂತ.

ನಿರ್ದೇಶಕರು "ಆಕ್ಷನ್" ಎಂದರು. ದಿನಾ ಬೆಳಿಗ್ಗೆ ಮಗ್ಗಕ್ಕೆ ಕೂತೊಡನೆ ಲಾಳಿಯನ್ನು ಕಣ್ಣಿಗೊತ್ತಿಕೊಂಡೇ ಕಳಕಪ್ಪ ಮೊದಲ ಎಳೆ ಹಾಯಿಸುವುದು. ಕೈ ತನ್ನ ರೂಢಿ ಬಿಡಲಿಲ್ಲ. ಬಂದೂಕು ಮೇಲೇರಿ ಎಡಗಣ್ಣಿಗೆ ತಾಗಿತು, ಬಲಗಣ್ಣಿಗೆ ತಾಗಿತು. ಅಕ್ಕಪಕ್ಕದವರೂ ನೇಕಾರರೇ. ಹೀಗೇ ಮಾಡಬೇಕಿರಬಹುದೆಂದು ಮೂರನೆಯ ಸಾಲಿಗೆ ಸಾಲೇ ರಬ್ಬರನ್ನು ಕಣ್ಣಿಗೊತ್ತಿಕೊಂಡಿತು.

"ಕಟ್. ಏನ್ರೀ, ದರೋಡೆಗೆ ಹೊರಟಿದ್ದೀರೋ, ಪೂಜೆಗೋ?"

"ಕೆಲಸಾ ಚಾಲೂ ಮಾಡೂಮುಂದ ಹಿಂಗ ಮಾಡ್ತೇವ್ರಿ," ಎಂದ ಕಳಕಪ್ಪ, ಬಂದೂಕಿನ ಜೊತೆಗೇ ನೆಲ ನೋಡುತ್ತ.

ಎಲ್ಲರೂ ನಕ್ಕರು. ವಿಲನ್ ಮಾತ್ರ ನಗಲಿಲ್ಲ. ನಿರ್ದೇಶಕರ ಕಿವಿಯಲ್ಲಿ ಏನೋ ಹೇಳಿದ. ಮುಂದಿನ ಸಲ ಅವನೇ ಎಲ್ಲರ ಮುಂದೆ ಬಂದು, ಬೆಳ್ಳಿ ಪಿಸ್ತೂಲನ್ನು ನಿಧಾನವಾಗಿ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡ. ಹಿಂದಿನವರು ಮಿಸುಕಬಾರದೆಂದು ತಾಕೀತಾಯಿತು.

ಸೀರಿಯಲ್ ಬಂದ ಸಂಜೆ ಅರ್ಧ ಓಣಿಯೇ ಕಳಕಪ್ಪನ ಪಡಸಾಲೆಯಲ್ಲಿತ್ತು. ಮುಂದಿನ ಸಾಲಿನಲ್ಲಿ ಮೇಘಾಳ ಗೆಳತಿಯರು. ಬೆಳ್ಳಿ ಪಿಸ್ತೂಲು ಕಣ್ಣಿಗೇರಿದಾಗ ಟೀವಿಯಲ್ಲಿ ನಗಾರಿ ಮೊಳಗಿತು, ಹುಡುಗಿಯರು ಉಸಿರು ಬಿಗಿಹಿಡಿದರು. ಕಳಕಪ್ಪನ ಮುಖ, ಅಷ್ಟು ಕಷ್ಟಪಟ್ಟು ಕಪ್ಪು ಮಾಡಿದ ಮೀಸೆ, ಎಲ್ಲವೂ ವಿಲನ್ನಿನ ಹೆಗಲ ಹಿಂದೆಯೇ ಉಳಿದವು. ಹೆಗಲಾಚೆ ಕಂಡದ್ದು ಒಂದು ನಳಿಗೆಯ ತುದಿ, ಅದರ ಅಡಿಗೆ ಒಂದು ಬೆರಳು. ಮರುಗಳಿಗೆ ಆ ರಬ್ಬರಿನಿಂದಲೂ ಗುಡ್ಡ ನಡುಗುವಂಥ ಢಂ ಹೊರಟಿತು. ಸಮೀರ ಮಾತಿಗೆ ತಪ್ಪಿರಲಿಲ್ಲ.

"ಅಪ್ಪಾ, ಆ ಬೆರಳ ನಿಂದಲ್ಲಾ?" ಮೇಘಾ ಯಾರಿಗೂ ಕೇಳಿಸದ ಹಾಗೆ ಕೇಳಿದಳು.

"ಹೂಂ. ಬಂದೂಕ ಜೋತ ಬೀಳ್ತಿತ್ತು, ಹಿಡದಿದ್ದೆ."

ಮರುದಿನ ಬೆಳಿಗ್ಗೆ ಮೇಘಾಳನ್ನು ಶಾಲೆಗೆ ಕರೆಯಲು ಬಂದ ಗೆಳತಿ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಕಳಕಪ್ಪ ಮಗ್ಗಕ್ಕೆ ಕೂತು, ಲಾಳಿ ಎತ್ತಿ, ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಒತ್ತಿಕೊಳ್ಳುತ್ತಿದ್ದ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಮೇಘಾ, ಅಲ್ಲಿ ನೋಡಲೇ. ನಿಮ್ಮಪ್ಪ ಆ ವಿಲನ್ ಮಾಡಿದಂಗ ಮಾಡಾಕತ್ತಾನ."

ಮೇಘಾ ಏನೋ ಹೇಳಲು ಬಾಯಿ ತೆರೆದು ಅಪ್ಪನ ಮುಖ ನೋಡಿದಳು. ಕಳಕಪ್ಪ ಲಾಳಿಯನ್ನು ಕೆಳಗಿಳಿಸಿದ.

"ಹೂನವಾ," ಎಂದ. "ಅಂವನ್ನ ನೋಡೇ ಕಲ್ಯಾಕತ್ತೇನಿ. ಆದ್ರ ಅಂವನಷ್ಟ ಚಲೋ ಇನ್ನೂ ಬರವಲ್ದು."