ಐದು ಗಂಟೆಯೊಳಗೆ ಒಂದು ಉಲ್ಲೇಖ

ಪ್ರಜ್ಞೆ ತಪ್ಪಿದ ಸಂಶೋಧಕರ ಪ್ರಬಂಧವನ್ನು ವರ್ಷಕ್ಕೊಮ್ಮೆಯಾದರೂ ಬೇರೆಯವರು ಉಲ್ಲೇಖಿಸಿದರಷ್ಟೇ ಅವರ ಉಸಿರಾಟದ ಯಂತ್ರ ಓಡುವ ಕಾಲ ಅದು. ಹೃದ್ರೋಗತಜ್ಞ ಡಾ. ಹುಯಿಲಗೋಳರ ಹಾಸಿಗೆಯ ಬಳಿ ಪತ್ನಿ ಕುಮುದಿನಿ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಅವರೂ ಹೃದ್ರೋಗತಜ್ಞೆಯೇ.

“ಸಾಹೇಬ್ರ ಪ್ರಬಂಧ ಈ ವರ್ಷ ಯಾರೂ ಮುಟ್ಟಿಲ್ರೀ ಮೇಡಂ. ಐದಕ್ಕ ಮಷೀನು ಬಂದ್ ಮಾಡಬೇಕು,” ಎಂದಳು ನರ್ಸ್ ಶಾಂತವ್ವ.

“ಅದರಾಗಿನ ಫಲಿತಾಂಶನ ತಪ್ಪು ಅದ. ಹೆಂಗ ಉಲ್ಲೇಖ ಮಾಡಲಿ?”

“ತಪ್ಪಂತನ ಬರೀರಿ. ಬೈದ್ರೂ ಲೆಕ್ಕಕ್ಕ ಬರತೈತ್ರೀ.”

ಇಪ್ಪತ್ತು ವರ್ಷ ಗಂಡನ ಮರ್ಯಾದೆಗೆಂದು ಯಾರಿಗೂ ಹೇಳದ ಮಾತನ್ನು ಕುಮುದಿನಿ ತಮ್ಮ ಹೊಸ ಪ್ರಬಂಧದಲ್ಲಿ ಟೈಪ್ ಮಾಡಿದರು: ‘ಹುಯಿಲಗೋಳರ ಈ ಫಲಿತಾಂಶ ತಪ್ಪು.’ ಪ್ರಕಟಿಸಿದರು.

ಶಾಂತವ್ವ ಹಾಸಿಗೆಯ ಚೀಟಿಯ ಮೇಲೆ ಮುಂದಿನ ವರ್ಷದ ತಾರೀಕು ಬರೆದು, ಪಕ್ಕದ ಹಾಸಿಗೆಗೆ ಹೋದಳು.