ಇಲ್ಲೇ ಇದ್ದವನು

ಬಾಗಿಲು ಬಡಿದ ಸದ್ದಾದಾಗ ಗ್ಲೆನ್ ಥಿಬೋ ಎರಡನೆಯ ತಟ್ಟೆಗೆ ಮೊಟ್ಟೆಯ ಹಳದಿ ಬಳಿದು ಸಿಂಕಿನಲ್ಲಿ ಇಡುತ್ತಿದ್ದ. ಒಲೆ ಹೊತ್ತಿಸಿಯಾಗಿತ್ತು. ಹಾಸಿಗೆ ಕೆದರಿಯಾಗಿತ್ತು. ಒದ್ದೆ ಟವೆಲು ಕುರ್ಚಿಯ ಬೆನ್ನಿಗೆ ಬಿದ್ದಿತ್ತು. ಈ ಮನೆಯಲ್ಲಿ ಒಬ್ಬ ಮನುಷ್ಯ ಚಳಿಗಾಲವಿಡೀ ವಾಸವಾಗಿದ್ದಾನೆ ಎಂದು ಯಾರು ನೋಡಿದರೂ ಒಪ್ಪಬೇಕು.

ಒಪ್ಪದಿದ್ದರೆ ಅವನಿಗೆ ಕಷ್ಟವಿತ್ತು. ಅವನು ಕೆಲಸಕ್ಕಿದ್ದ ವಿಮಾ ಕಂಪನಿ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ನಿನಲ್ಲಿ; ಕೆಲಸ ಮಾತ್ರ ಮನೆಯಲ್ಲೇ ಕೂತು ಮಾಡುವಂಥದ್ದು. ಕೆರೆ ದಂಡೆಯ ಈ ಮನೆ ಇರುವುದು ಗಡಿಯಾಚೆ, ನ್ಯೂ ಹ್ಯಾಂಪ್‌ಶೈರಿನಲ್ಲಿ. ಇಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲ. ಇಲ್ಲಿದ್ದು ದುಡಿದವನಿಗೆ ಸಂಬಳ ಪೂರ್ತಿ ದಕ್ಕುತ್ತದೆ. ಅಲ್ಲಿದ್ದು ದುಡಿದರೆ ಮ್ಯಾಸಚೂಸೆಟ್ಸ್ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಗ್ಲೆನ್ ಲೆಕ್ಕಕ್ಕೆ ಇಲ್ಲಿದ್ದ. ಮಲಗಿ ಏಳುತ್ತಿದ್ದದ್ದು ಬಾಸ್ಟನ್ನಿನಲ್ಲಿ, ಗೆಳತಿ ಮೌರಾಳ ಮನೆಯಲ್ಲಿ.

ವಾಸದ ಬಗ್ಗೆ ವಿಚಾರಣೆ ನಡೆಯಲಿದೆ ಎಂದು ಮ್ಯಾಸಚೂಸೆಟ್ಸ್ ತೆರಿಗೆ ಇಲಾಖೆ ತಿಳಿಸಿದ ದಿನವೇ ಅವನಿಗೆ ಚಾಡಿ ಹೇಳಿದವರು ಯಾರೆಂದು ಗೊತ್ತಾಗಿತ್ತು. ರಸ್ತೆಯಾಚೆಯ ಪೆಲ್ಕಿ ಮುದುಕ. ದೋಣಿ ಕಟ್ಟುವ ಕಟ್ಟೆ ಯಾರದೆಂದು ಬೇಸಿಗೆಯಲ್ಲಿ ಇಬ್ಬರಿಗೂ ಜಟಾಪಟಿಯಾಗಿತ್ತು. ಅಂಗಡಿಯಲ್ಲಿ ನಾಲ್ಕು ಜನರೆದುರು ಮುದುಕ ಅವನನ್ನು ತೆರಿಗೆಗಳ್ಳ ಎಂದಿದ್ದ.

ಅದಕ್ಕೇ ಗ್ಲೆನ್ ಪಕ್ಕಾ ಏರ್ಪಾಡು ಮಾಡಿಕೊಂಡಿದ್ದ. ಕತ್ತಲಾದರೆ ತಾನಾಗಿ ಹೊತ್ತಿಕೊಳ್ಳುವ ದೀಪ. ಚಾರ್ಜಿಗೆ ಹಾಕಿ ಇಲ್ಲೇ ಬಿಟ್ಟಿರುತ್ತಿದ್ದ ತನ್ನ ಹೆಸರಿನ ಫೋನು. ಬಾಸ್ಟನ್ನಿನಲ್ಲಿ ಬಳಸುತ್ತಿದ್ದದ್ದು ಮೌರಾಳ ಹೆಸರಿನದು.

ಮೌರಾಳಿಗೆ ಈ ಆಟ ಸಾಕಾಗಿತ್ತು. ಅವಳು ಮದುವೆಯ ಮಾತೆತ್ತಿದಾಗಲೆಲ್ಲ ಗ್ಲೆನ್ ತೆರಿಗೆಯ ಗಲಾಟೆ ಮುಗಿಯಲಿ ಎನ್ನುತ್ತಿದ್ದ. ಈ ಬೆಳಗ್ಗೆ ಅವಳು ಅವನ ಬಟ್ಟೆಯ ಚೀಲಗಳನ್ನು ತಾನೇ ಮೆಟ್ಟಿಲ ಮೇಲೆ ತಂದಿಟ್ಟಿದ್ದಳು.

"ಯಾರಾದ್ರೂ ಕೇಳಿದ್ರೆ ನಾನು ನಿಂಗೆ ಯಾರೂ ಅಲ್ಲ. ಅಷ್ಟೇ ತಾನೇ?"

"ಸದ್ಯಕ್ಕೆ ಹಾಗನ್ನು."

"ಸದ್ಯಕ್ಕಲ್ಲ. ಯಾರೇ ಬಂದು ಕೇಳ್ಲಿ, ಈ ಮನುಷ್ಯ ಯಾವತ್ತೂ ನಮ್ಮನೇಲಿ ಇರ್ಲಿಲ್ಲ ಅಂತೀನಿ. ನಿಂಗೆ ಬೇಕಾಗಿದ್ದೂ ಅದೇ."

ಬೀಗದ ಕೈ ಇಸಿದುಕೊಂಡು ಅವಳು ಬಾಗಿಲು ಹಾಕಿಕೊಂಡಳು. ಎಲ್ಲ ಮುಗಿದ ಮೇಲೆ ಸಮಾಧಾನ ಮಾಡಿದರಾಯಿತು ಎಂದುಕೊಂಡು ಗ್ಲೆನ್ ಹೊರಟುಬಂದಿದ್ದ. ಇಲ್ಲಿ ಹಿಮ ಮೊಣಕಾಲುದ್ದ ಬಿದ್ದಿತ್ತು. ಪೆಲ್ಕಿಯ ಚಿಮಣಿಯಲ್ಲಿ ಹೊಗೆಯಿರಲಿಲ್ಲ. ಮುದುಕ ಇನ್ನೂ ಎದ್ದಿಲ್ಲ, ತಾನು ಬಂದದ್ದನ್ನು ನೋಡಿಲ್ಲ ಎಂದು ಖುಷಿಪಟ್ಟಿದ್ದ.

ಬಾಗಿಲಾಚೆ ನಿಂತ ಹೆಂಗಸು ಗುರುತಿನ ಚೀಟಿ ಎತ್ತಿ ಹಿಡಿದಳು. "ನನ್ನ ಹೆಸರು ಕಾರ್ಲಿಸ್. ರಾಜ್ಯದ—"

"ಗೊತ್ತು ಮೇಡಂ. ನಿಮ್ಮ ದಾರೀನೇ ಕಾಯ್ತಿದ್ದೆ."

ಅವಳು ಅವನನ್ನು ದಿಟ್ಟಿಸಿದಳು. "ಕಾಯ್ತಿದ್ರಾ?"

"ಇವತ್ತಲ್ಲ ನಾಳೆ ನೀವು ಬಂದೇ ಬರ್ತೀರಲ್ಲ. ಬೂಟು ಅಲ್ಲೇ ಬಿಡಿ."

ಒಳಗೆ ಬಂದವಳು ಮಾತನ್ನೆಲ್ಲ ಧ್ವನಿಮುದ್ರಣ ಮಾಡಿಕೊಳ್ಳಬಹುದೇ ಎಂದು ಕೇಳಿದಳು. ಧಾರಾಳವಾಗಿ ಮಾಡಿಕೊಳ್ಳಿ, ನಾಳೆ ನೀವೇ ತಿರುಚಬಾರದು ನೋಡಿ ಎಂದ ಗ್ಲೆನ್. ಅವಳು ಕೆದರಿದ ಹಾಸಿಗೆ ನೋಡಿದಳು, ತಟ್ಟೆ ನೋಡಿದಳು. ಶುಕ್ರವಾರವೂ ಬಂದು ಬಾಗಿಲು ತಟ್ಟಿದ್ದೆ, ಒಳಗೆ ದೀಪವಿತ್ತು, ಯಾರೂ ತೆರೆಯಲಿಲ್ಲ ಎಂದಳು. ಗ್ಲೆನ್ ತಡವರಿಸಲಿಲ್ಲ. ಒಳಗೇ ಇದ್ದೆ, ತೆರೆಯುವ ಮನಸ್ಸಿರಲಿಲ್ಲ ಎಂದ. ತನ್ನ ಮನೆಯ ಬಾಗಿಲು ತೆರೆಯುವುದೂ ಬಿಡುವುದೂ ತನ್ನಿಷ್ಟವಲ್ಲವೇ?

ಗುರುವಾರ ರಾತ್ರಿ ಎಲ್ಲಿದ್ದಿರಿ ಎಂದು ಅವಳು ಕೇಳಿದಳು.

ಗುರುವಾರ ರಾತ್ರಿ ಅವನು ಬಾಸ್ಟನ್ನಿನಲ್ಲಿ ಮೌರಾಳ ಅಡುಗೆಮನೆಯಲ್ಲಿ ಕೂತು ಅವಳು ಮಾಡಿದ ಮೀನಿನ ಸಾರು ಉಣ್ಣುತ್ತಿದ್ದ. ಅವರಿಬ್ಬರೇ ಇದ್ದರು. ಒಳ್ಳೆಯ ರಾತ್ರಿಯಾಗಿತ್ತು ಅದು.

"ಇಲ್ಲೇ," ಎಂದ. "ಹಿಮ ಸುರೀತಿತ್ತಲ್ಲ. ಎಲ್ಲಿಗೆ ಹೋಗ್ಲಿ?"

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ನಂಗೆ ಯಾರೂ ಇಲ್ಲ."

"ಬಾಸ್ಟನ್ನಲ್ಲಿ?"

"ಅಲ್ಲಂತೂ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ನನ್ನ ಫೋನು ಎಲ್ಲಿತ್ತು ಅಂತ ಬೇಕಾದ್ರೆ ಫೋನ್ ಕಂಪನಿಯವ್ರನ್ನ ಕೇಳಿ. ಈ ಮನೆ ಬಿಟ್ಟು ಕದಲಿಲ್ಲ."

"ಕೇಳಿದ್ವಿ," ಎಂದಳು ಕಾರ್ಲಿಸ್. "ಕದಲಿಲ್ಲ, ನಿಜ."

ಗ್ಲೆನ್‌ನ ಎದೆಯುಬ್ಬಿತು. ಇಷ್ಟು ಸುಲಭಕ್ಕೆ ಮಣಿದರಲ್ಲ! ಗೆದ್ದವನಂತೆ ಕಾಲ ಮೇಲೆ ಕಾಲು ಹಾಕಿ ಕೂತ. ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ನಾಲಿಗೆಗೆ ಬಂತು. ನಿಮ್ಮನ್ನು ನನ್ನ ಬೆನ್ನಿಗೆ ಬಿಟ್ಟವನು ಆ ಪೆಲ್ಕಿಯೇ ಎಂದು ಗೊತ್ತಿದೆ ಎಂದ. ಅವನಿಗೂ ನಿಮಗೂ ಹೇಗೆ ಎಂದು ಅವಳು ಮೆಲ್ಲಗೆ ಕೇಳಿದಳು.

"ಹೇಗೆ ಅಂದ್ರೆ? ಅವನ ಮುಖ ಕಂಡ್ರೆ ನಂಗಾಗಲ್ಲ, ನನ್ನ ಮುಖ ಕಂಡ್ರೆ ಅವನಿಗಾಗಲ್ಲ. ಇನ್ನೊಂದ್ಸಲ ನನ್ನ ತಂಟೆಗೆ ಬಂದ್ರೆ ನೆಟ್ಟಗೆ ಉಳಿಯಲ್ಲ ಅಂತ ಅಂಗಡೀಲೇ ಹೇಳಿದ್ದೆ."

"ಹೌದಂತೆ. ಅಂಗಡಿಯವ್ರೂ ಹೇಳಿದ್ರು."

"ಹೇಳ್ಲಿ ಬಿಡಿ. ನಾನೇನು ಮುಚ್ಚಿಡ್ತಿಲ್ಲ." ಗ್ಲೆನ್ ಕಿಟಕಿಯತ್ತ ಕೈ ಮಾಡಿದ. "ಇಷ್ಟಾದ್ರೂ ನಿಮಗೆ ಅನುಮಾನ ಇದ್ರೆ ಈಗ್ಲೇ ಹೋಗಿ ಆ ಮುದುಕನ್ನೇ ಕೇಳಿ. ಗುರುವಾರ ರಾತ್ರಿ ಗ್ಲೆನ್ ಇಲ್ಲಿರಲಿಲ್ಲ ಅಂತ ಅವನು ಹೇಳ್ಲಿ ನೋಡೋಣ."

ಕಾರ್ಲಿಸ್ ಎದ್ದು ಬಾಗಿಲಿಗೆ ಅಡ್ಡವಾಗಿ ನಿಂತಳು.

"ಅವರು ಇನ್ನೇನೂ ಹೇಳೋ ಹಾಗಿಲ್ಲ, ಮಿಸ್ಟರ್ ಥಿಬೋ, ಗುರುವಾರ ರಾತ್ರಿ ಅವರನ್ನ ಯಾರೋ ತಲೆಗೆ ಹೊಡೆದು ಕೊಂದಿದ್ದಾರೆ, ಮತ್ತೆ ನಾನು ರಾಜ್ಯ ಪೊಲೀಸ್."