ನಾಲ್ಕು ಬೆರಳು ಗಾಳಿ

"ಕಿಟಕಿ ಇಷ್ಟೇ ತೆರೀಬೇಕು ಅಂತ ಮಾಡಿದ ಪುಣ್ಯಾತ್ಮ ಯಾರೋ?" ರೆನಾಟಾ ನದಿಯ ಕಡೆ ಮುಖ ಮಾಡಿ ಕೇಳಿದಳು. ಆ ಎತ್ತರದ ಮನೆಯ ಗೋಡೆಯಗಲದ ಗಾಜಿನಲ್ಲಿ ತೆರೆಯುವುದು ನಡುವಿನ ಒಂದೇ ಪಟ್ಟಿ, ಅದೂ ನಾಲ್ಕು ಬೆರಳಗಲ. ಅದರಲ್ಲಿ ಕೈ ತೂರಿಸಿ ಈಸ್ಟ್ ನದಿಯ ಗಾಳಿ ಮುಟ್ಟುವುದು ಅವಳಿಗೆ ಬೆಳಗಿನ ಪ್ರಾರ್ಥನೆಯಷ್ಟೇ ನಿತ್ಯದ್ದು.

ಬೆನ್ನ ಹಿಂದೆ ಡೆಸ್ಮಂಡ್ ನೆಲಕ್ಕೆ ನೀಲಿ ಟೇಪು ಅಂಟಿಸುತ್ತಿದ್ದ. ಅವರಿಬ್ಬರ ಪ್ರೀತಿ ವಸಂತದಲ್ಲೇ ಮುಗಿದಿತ್ತು, ಬಾಡಿಗೆ ಕರಾರು ಮಾತ್ರ ಮುಗಿದಿರಲಿಲ್ಲ. ಒಬ್ಬರ ಸಂಬಳಕ್ಕೆ ಎಟುಕುವ ಮನೆಯಲ್ಲ ಅದು. ಇವತ್ತು ಸಂಜೆಯೊಳಗೆ ಇಬ್ಬರೂ ಸಹಿ ಹಾಕಿದರೆ ಕರಾರು ಇನ್ನೊಂದು ವರ್ಷ. ಒಬ್ಬರು ಬಿಟ್ಟರೂ ಇಬ್ಬರೂ ಹೊರಗೆ.

"ನಾಳೆ ಅಡ್ಡಗೋಡೆ ಹಾಕೋನು ಬರ್ತಾನೆ," ಎಂದ ಡೆಸ್ಮಂಡ್. "ಈ ಟೇಪಿನ ಗೆರೆ ಮೇಲೇ ನೆಲಕ್ಕೂ ಚಾವಣಿಗೂ ಒತ್ತಿ ನಿಲ್ಲಿಸ್ತಾನೆ, ಒಂದು ಮೊಳೇನೂ ಬೇಡ. ಆಮೇಲೆ ನನ್ನ ಮುಖ ನೋಡೋ ಕರ್ಮ ನಿನಗಿಲ್ಲ."

"ಗೊರಕೆ?"

"ಅದು ಬಾಡಿಗೇಲೇ ಸೇರಿದೆ."

ಅವಳಿಗೆ ನಗು ಬಂತು. ಆ ನಗುವಿನಲ್ಲೇ ಒಪ್ಪಿಬಿಡುತ್ತಿದ್ದಳೇನೋ. ಅಷ್ಟರಲ್ಲಿ ಟೇಪು ನೆಲದಿಂದ ಗಾಜಿಗೇರಿ ಅವಳ ಮೊಣಕೈ ಕೆಳಗೆ ಬಂದು ನಿಂತಿತು. ತೆರೆಯುವ ಪಟ್ಟಿ ಗೆರೆಯ ಆಚೆಗಿತ್ತು.

"ಕೈ ತೆಗಿ. ಅದು ನನ್ನ ಕಡೆ."

"ಮತ್ತೆ ನನಗೆ ಗಾಳಿ?"

"ಏಸಿ ಇದೆಯಲ್ಲ ಮಹಾರಾಣಿ. ನೀನು ನದಿ ನೋಡ್ಕೊಂಡಿರು." ಅವನು ಫೋನು ಚಾಚಿದ, ಬೆರಳಲ್ಲಿ ಗೀಚಿದರೆ ಸಹಿ ಬೀಳುತ್ತಿತ್ತು. "ಇಲ್ಲಿಂದ ಹೋದ್ರೆ ನಿಮ್ಮಕ್ಕನ ಮನೆ ನೆಲಮಾಳಿಗೆನೇ ಗತಿ ನಿನಗೆ. ಹಾಕು."

ರೆನಾಟಾ ಕೈ ಒಳಗೆಳೆದುಕೊಳ್ಳಲಿಲ್ಲ. ಹೊರಗೆ ಬೆರಳುಗಳನ್ನು ಅಗಲಿಸಿದಳು, ಗಾಳಿ ಅವುಗಳ ಸಂದಿನಲ್ಲಿ ಹಾದುಹೋಯಿತು.

"ಹಾಕಲ್ಲ," ಎಂದಳು.